ಅಳತೆಯ ಪಂಜರ

ಶಿಕಾಗೋ ಇಲ್ಲಿಗೆ ಸುಮಾರು ತೊಂಬತ್ತು ಮೈಲಿ.
ಆದರೂ ನಮ್ಮ ಬೋರ್ಡಿನಲ್ಲಿ ಮೊದಲು ಅದರ ಹೆಸರು,
ಮದುವೆಗೆ ಪಕ್ಕದ ಮನೆಯ ಸರ ಎರವಲು ತಂದ ಹಾಗೆ.
ರಾಕ್‌ಫರ್ಡಿನವರಿಗೆಲ್ಲ ಗೊತ್ತು, ಯಾರೂ ಆಡಿ ತೋರಿಸುವುದಿಲ್ಲ.
ವಿಮಾನ ಹೋಗಿ ಇಳಿಯುವ ಊರೂ ಅಂಥದ್ದೇ:
ಒರ್ಲ್ಯಾಂಡೋ ಅಂತ ಬರೆದಿದೆ, ಒರ್ಲ್ಯಾಂಡೋ ಅಲ್ಲ.

ಸೋಮವಾರ ಒಂದು, ಶುಕ್ರವಾರ ಒಂದು.
ಆರು ಹತ್ತರ ವಿಮಾನಕ್ಕೆ ನಾಲ್ಕಕ್ಕೇ ಜನ,
ಫೆಬ್ರವರಿಯ ಹಿಮದಲ್ಲಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು.
ಟಿಕೆಟ್ಟು ಮೂವತ್ತೊಂಬತ್ತು ಡಾಲರು,
ಕಿಟಕಿಗೆ ಬೇರೆ, ಚೀಲಕ್ಕೆ ಬೇರೆ, ನೀರಿಗೂ ಬೇರೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಇಲ್ಲಿ ಹಾಸಿಗೆಯೇ ಇಲ್ಲ,
ಚಾಚುವುದಕ್ಕೆ ಇಪ್ಪತ್ತೆರಡು.

ನನ್ನ ಕೆಲಸ ಪಂಜರದ ಪಕ್ಕ ನಿಲ್ಲುವುದು.
ಕಬ್ಬಿಣದ ಸರಳು, ಒಂದು ಗೇಣಿನ ಬಾಯಿ.
ಚೀಲ ಒಳಗಿಳಿದರೆ ಪುಣ್ಯ, ಸಿಕ್ಕಿಕೊಂಡರೆ ಎಪ್ಪತ್ತೈದು.
ಜನ ಮಂಡಿಯೂರುತ್ತಾರೆ, ಒದೆಯುತ್ತಾರೆ,
ಒಬ್ಬಳು ಮೂರು ಸ್ವೆಟರು ಒಂದರ ಮೇಲೊಂದು ತೊಟ್ಟು
ಮದುಮಗಳ ಹಾಗೆ ಬೆವರುತ್ತ ನಿಂತಳು.

ಲಿಂಡ್‌ಕ್ವಿಸ್ಟ್ ಮುದುಕ
ನಲವತ್ತು ವರ್ಷ ಈ ಊರಿನ ಸ್ಕ್ರೂ ಕಾರ್ಖಾನೆಯಲ್ಲಿ ಇದ್ದವನು.
ಚೀಲ ಕೆಳಗಿಡುವ ಮುಂಚೆಯೇ ಕಣ್ಣಲ್ಲಿ ಅಳೆದು
‘ಎರಡು ನೂಲು ಹೆಚ್ಚಿದೆ, ಮಗಳೇ’ ಅಂದ.
ಇಟ್ಟು ನೋಡಿದರೆ ಎರಡೇ ನೂಲು.
ಬಿಟ್ಟುಬಿಟ್ಟೆ ಅಂತ ಬರೆದರೆ ಪದ್ಯಕ್ಕೆ ಚಂದ.
ಬಿಡಲಿಲ್ಲ. ಮೇಲೆ ಕ್ಯಾಮೆರಾ ಇತ್ತು.
ಅವನು ಚೀಲದಿಂದ ಬೂಟು ಹೊರತೆಗೆದು
ಲೇಸುಗಳನ್ನು ಗಂಟು ಹಾಕಿ ಕೊರಳಿಗೆ ತೂಗಿಕೊಂಡ.

ಎಂಟಕ್ಕೆ ಕೋಟು ಬದಲಿಸಿ ಬೇಲಿಯ ಆಚೆ ಹೋಗುತ್ತೇನೆ.
ಅಲ್ಲಿಯೂ ನಾನೇ.
ಚರ್ಮದ ಸೋಫಾ, ಬಟ್ಟಲಲ್ಲಿ ಯಾರೂ ತಿನ್ನದ ಹಸಿರು ಸೇಬು.
ಹೆಸರು ಕೇಳಬಾರದು, ಬಾಲದ ಮೇಲಿನ ನಂಬರೇ ಹೆಸರು.
ಸಾಲಿಲ್ಲ, ಸರಳಿಲ್ಲ. ಬೆಳ್ಳಿ ಚಿಮಟದಲ್ಲಿ ಐಸು ಎತ್ತಿ ಕೊಡಬೇಕು.

ಆ ಶುಕ್ರವಾರ ಆರು ಹತ್ತರದ್ದು
ರೆಕ್ಕೆಯ ಹಿಮ ಕರಗಿಸಿಕೊಳ್ಳುತ್ತ ಒಂಬತ್ತಾದರೂ ನಿಂತೇ ಇತ್ತು.
ಆಚೆ ಬದಿಯಲ್ಲಿ ಜೆಟ್ಟಿನ ಏಣಿಯಿಂದ
ಒಂದು ಮುದಿ ನಾಯಿ ಜಿಗಿಯಿತು, ಹೆಸರು ಗಸ್.
ರನ್‌ವೇ ಉದ್ದಕ್ಕೂ ಕಿವಿ ಹಾರಿಸುತ್ತ
ಜೋಳದ ಕೂಳೆ ಹೊಲದ ಕಡೆಗೆ.
ಹಳದಿ ಟ್ರಕ್ಕಿನಲ್ಲಿ ಡೆಲ್ರಾಯ್, ಹಿಂದೆ ನಾನು,
ಕಿಟಕಿಗಳಲ್ಲಿ ನೂರೆಂಬತ್ತು ಮುಖ, ಒತ್ತಿ ಚಪ್ಪಟೆಯಾದ ಮೂಗು.
ನಾವು ಹಿಡಿಯಲಿ ಅಂತಲ್ಲ,
ಅದು ತಪ್ಪಿಸಿಕೊಳ್ಳಲಿ ಅಂತ ಚಪ್ಪಾಳೆ ತಟ್ಟಿದರಂತೆ.
ತಪ್ಪಿಸಿಕೊಂಡಿತು.

ಜೆಟ್ಟಿನವನು ಮೂರು ಸಲ ಗಡಿಯಾರ ನೋಡಿ ಹೊರಟ.
ನಂತರ ಇವರೂ ಹೊರಟರು.

ಸಂಜೆ ಡೆಲ್ರಾಯ್‌ಗೆ ಅದು ಬೇಲಿ ಮೂಲೆಯಲ್ಲಿ ಸಿಕ್ಕಿತು,
ಸತ್ತ ಬಾತಿನ ಪಕ್ಕ, ಮೂತಿಗೆಲ್ಲ ಪುಕ್ಕ.
ರಾತ್ರಿ ನನ್ನ ಕೌಂಟರಿನ ಹಿಂದೆ ಮಲಗಿಸಿದೆವು.
‘ಪಂಜರದಲ್ಲಿ ಹಿಡಿಸುತ್ತದಾ?’ ಅಂದ ಡೆಲ್ರಾಯ್.
ಹಿಡಿಸುವುದಿಲ್ಲ, ಬಾಲ ಬಿಟ್ಟು ಲೆಕ್ಕ ಹಾಕಿದರೂ.

ಮಾರನೆಯ ದಿನ ಅದೇ ನಂಬರಿನ ಜೆಟ್ಟು ಬಂತು,
ಇಬ್ಬರು ಪೈಲಟ್ಟುಗಳು, ಹನ್ನೆರಡು ಖಾಲಿ ಸೀಟು.
ಗಸ್‌ನ ಕಂಬಳಿ, ತಟ್ಟೆ, ಮೂಳೆ ಎಲ್ಲ ನಾನೇ ಹೊತ್ತು ಕೊಟ್ಟೆ.
ನಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ.
ಏಣಿಯ ಮೇಲೆ ಅದು ನಿಂತು
ಹೊಲದ ಕಡೆ ಮೂಗೆತ್ತಿ ಗಾಳಿ ಮೂಸಿತು.
ಬಾ ಬಾ ಅಂತ ಒಳಗಿನಿಂದ ಕೂಗಿದರು.

ಮುಂದಿನ ಸೋಮವಾರ ಲಿಂಡ್‌ಕ್ವಿಸ್ಟ್ ಇಳಿದ,
ಸುಟ್ಟ ಮೂಗು, ಕೊರಳಲ್ಲಿ ಅವೇ ಬೂಟು,
ಚೀಲದ ಬಾಯಿಂದ ಕಿತ್ತಳೆ ಹೊರಗೆ ಇಣುಕುತ್ತಿದೆ,
ಗೇಣಿಗೂ ಗೇಣುವರೆಗೂ ಮೀರಿ.
ಬಂದವರ ಚೀಲ ಯಾರೂ ಅಳೆಯುವುದಿಲ್ಲ.
ಪಂಜರದ ಹತ್ತಿರ ನಿಂತು ಕೇಳಿದ:
‘ನಾಯಿ ಸಿಕ್ಕಿತಾ?’
ಸಿಕ್ಕಿತು, ಅಂದೆ.
‘ಅಯ್ಯೋ’ ಅಂದ.